ನೋವು ಹೊಟ್ಟೆಯೊಳಗೋ, ಹೊಟ್ಟೆಯ ಗೋಡೆಯಲ್ಲೋ?

ಹೆಂಗಸರು ಕೆಳಹೊಟ್ಟೆ ನೋವು ಎಂದರೆ ಸಾಕು, ಎಲ್ಲರ ಗುಮಾನಿ ಗರ್ಭಕೋಶದ ಮೇಲೆ. ಸ್ಕ್ಯಾನ್‌ನಲ್ಲಿ ಗರ್ಭಕೋಶ, ಅಂಡಾಶಯ, ಮೂತ್ರಕೋಶ ಎಲ್ಲ ಸರಿಯಿದ್ದರೆ ಆಮೇಲಿನ ಮಾತು ‘ಗ್ಯಾಸು’, ಇಲ್ಲವೇ ‘ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ’. ಈ ಎರಡನೆಯ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಟ್ಟೆಗೊಂದು ಗೋಡೆಯಿದೆ, ಅದೂ ನೋಯುತ್ತದೆ ಎಂಬುದನ್ನೇ ಮರೆತವರ ಮಾತು ಅದು.

1926ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾನ್ ಕಾರ್ನೆಟ್ ಯಂತ್ರವೇ ಬೇಡದ ಪರೀಕ್ಷೆಯೊಂದನ್ನು ವಿವರಿಸಿದರು. ಅಂಗಾತ ಮಲಗಿದವರ ನೋವಿನ ಜಾಗವನ್ನು ವೈದ್ಯರು ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ರೋಗಿ ಕೈಗಳನ್ನು ಎದೆಯ ಮೇಲೆ ಮಡಿಸಿಕೊಂಡು ತಲೆ, ಭುಜ ಎತ್ತಬೇಕು. ಹೊಟ್ಟೆಯ ಸ್ನಾಯು ಬಿಗಿಯುತ್ತದೆ. ತೊಂದರೆ ಒಳಗಿನ ಅಂಗದ್ದಾದರೆ ಬಿಗಿದ ಸ್ನಾಯು ಬೆರಳಿಗೆ ಅಡ್ಡ ನಿಂತು ನೋವು ತಗ್ಗುತ್ತದೆ. ತಗ್ಗದಿದ್ದರೆ, ಅಥವಾ ಹೆಚ್ಚಾದರೆ, ಮೂಲ ಬಹುಪಾಲು ಗೋಡೆಯಲ್ಲೇ.

ಗೋಡೆಯಲ್ಲಿ ಹೆಚ್ಚಾಗಿ ನೋಯುವುದು ನರ. ಬೆನ್ನುಹುರಿಯಿಂದ ಹೊರಟ ಪಕ್ಕೆಯ ನರಗಳು ಸ್ನಾಯುಪದರಗಳ ನಡುವೆ ನುಸುಳಿ ಮುಂದಕ್ಕೆ ಬರುತ್ತವೆ. ಹೊಟ್ಟೆಯ ನಡುವೆ ಉದ್ದಕ್ಕೆ ಇಳಿಯುವ ಸ್ನಾಯುವಿನ ಹೊರ ಅಂಚಿನ ಬಳಿ ಸುಮಾರು 90 ಡಿಗ್ರಿ ತಿರುಗಿ, ನಾರಿನ ಪುಟ್ಟ ಕಿಂಡಿಯೊಂದರಲ್ಲಿ ತೂರಿ ಚರ್ಮ ಸೇರುತ್ತವೆ. ಸೂಜಿಯ ಕಣ್ಣಿನ ಬಳಿಯೇ ದಾರ ಸವೆಯುವ ಹಾಗೆ, ನರಕ್ಕೆ ಪೆಟ್ಟು ಬೀಳುವುದೂ ಆ ತಿರುವಿನಲ್ಲೇ. ಅದಕ್ಕೇ ಇಂಥವರು ಅಂಗೈಯಿಂದ ಹೊಟ್ಟೆ ಸವರುವುದಿಲ್ಲ, ಒಂದೇ ಬೆರಳಿಟ್ಟು ‘ಇಲ್ಲೇ’ ಎನ್ನುತ್ತಾರೆ. ಅಲ್ಲಿನ ಚರ್ಮ ಚಿವುಟಿದರೆ ಚುರುಕ್ಕೆನ್ನುತ್ತದೆ. ಅಲ್ಲಿಗೆ ಅರಿವಳಿಕೆಯ ಚುಚ್ಚುಮದ್ದು ಕೊಟ್ಟು ಕೆಲವೇ ನಿಮಿಷಗಳಲ್ಲಿ ನೋವು ಹೋದರೆ ಅದೇ ರುಜುವಾತು. ಕೆಲವರಿಗೆ ಅಷ್ಟೇ ಚಿಕಿತ್ಸೆಯೂ ಆಗುತ್ತದೆ. ಪದೇ ಪದೇ ಮರುಕಳಿಸಿದರೆ ಶಸ್ತ್ರಚಿಕಿತ್ಸೆ. ಸಿಸೇರಿಯನ್ ಗಾಯದ ಕಲೆಯಲ್ಲೂ ನರ ಸಿಕ್ಕಿಕೊಳ್ಳುವುದುಂಟು.

ಆದರೆ ಮುಟ್ಟು ತಪ್ಪಿ ಒಂದು ಪಕ್ಕ ನೋವು, ತಲೆಸುತ್ತು ಬಂದಿದ್ದರೆ ಈ ಪರೀಕ್ಷೆಗೆಲ್ಲ ಕಾಯಬಾರದು. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಕಟ್ಟಿ, ಆ ನಾಳ ಒಡೆದಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ತೊಡೆಸಂದಿನ ನೋವಿನ ಕಥೆ ಇನ್ನೂ ಹಳೆಯದು. ಡಚ್ ಅಂಗರಚನಾಶಾಸ್ತ್ರಜ್ಞ ಆಂಟನ್ ನುಕ್ 1691ರಲ್ಲೇ ಹೆಣ್ಣಿನ ತೊಡೆಸಂದಿಗೆ ಇಳಿಯುವ ಹೊಟ್ಟೆಪೊರೆಯ ಚೀಲವೊಂದನ್ನು ವರ್ಣಿಸಿದ್ದ. ಸಾಮಾನ್ಯವಾಗಿ ಅದು ತಾನೇ ಮುಚ್ಚಿಹೋಗುತ್ತದೆ. ಮುಚ್ಚದೆ ಉಳಿದರೆ ನೀರು ತುಂಬಿ ಗಂಟಾಗಬಹುದು, ಹರ್ನಿಯಾ ಆಗಬಹುದು. ಅಪರೂಪಕ್ಕೆ ಗರ್ಭಕೋಶದ ಒಳಪೊರೆಯಂಥದ್ದೇ ಅಂಗಾಂಶ ಅಲ್ಲಿ ಬೆಳೆಯುತ್ತದೆ. ಆಗ ಗಂಟು ಮುಟ್ಟಿನ ದಿನಗಳಲ್ಲಿ ಊದಿ ನೋಯುತ್ತದೆ. ಯಾವ ದಿನ ನೋವು ಹೆಚ್ಚಿತ್ತು ಎಂದು ಬರೆದಿಟ್ಟುಕೊಂಡು ಹೋದವರು ವೈದ್ಯರ ಅರ್ಧ ಕೆಲಸ ಮುಗಿಸಿರುತ್ತಾರೆ.

ಎಲ್ಲಕ್ಕಿಂತ ಮೋಸ ಮಾಡುವುದು ಆಬ್ಟುರೇಟರ್ ಹರ್ನಿಯಾ. ಹೆಚ್ಚಾಗಿ ತೀರಾ ಬಡಕಲಾದ ವೃದ್ಧೆಯರಿಗೆ ಬರುತ್ತದೆ. ಸೊಂಟದ ಮೂಳೆಯ ಕಿಂಡಿಯಲ್ಲಿ ಕರುಳು ಸಿಕ್ಕಿ ಪಕ್ಕದ ನರವನ್ನು ಒತ್ತುತ್ತದೆ. ಹೊರಗೆ ಗಂಟು ಕಾಣುವುದೇ ಅಪರೂಪ. ನೋವು ಒಳತೊಡೆಯಿಂದ ಮೊಣಕಾಲಿನವರೆಗೆ. ಮನೆಯವರು ಮಂಡಿನೋವೆಂದು ಎಣ್ಣೆ ತಿಕ್ಕುತ್ತಾರೆ. ಕಾಲು ಮಡಚಿದರೆ ನೋವು ಇಳಿದು, ಹಿಂದಕ್ಕೆ ಚಾಚಿದರೆ ಏರುತ್ತಿದ್ದು, ಜೊತೆಗೆ ವಾಂತಿಯೂ ಇದ್ದರೆ, ಆ ಅಜ್ಜಿಗೆ ಅದೇ ದಿನ ಸಿ.ಟಿ. ಸ್ಕ್ಯಾನ್ ಆಗಬೇಕು.