ಡಬ್ಬಿಯ ಮೇಲಿನ 7000 ಮತ್ತು ನಮ್ಮ ಸಿ ಡ್ರೈವ್

ನನ್ನ ಕಂಪ್ಯೂಟರ್‌ನಲ್ಲಿದ್ದದ್ದು 256 ಜಿಬಿಯ ಹಳೇ ಸಾಟಾ ಎಸ್‌ಎಸ್‌ಡಿ (ಎಸ್‌ಎಸ್‌ಡಿ ಎಂದರೆ ಫೈಲುಗಳನ್ನು ಚಿಪ್‌ನಲ್ಲಿ ಇಡುವ ಡ್ರೈವ್, ಸಾಟಾ ಎಂದರೆ ಅದನ್ನು ಜೋಡಿಸುವ ಹಳೇ ಬಗೆ). ಸೆಕೆಂಡಿಗೆ ಹೆಚ್ಚೆಂದರೆ 550 ಎಂಬಿ ಓದುತ್ತಿತ್ತು. ಇನ್ನೂ ವೇಗದ ದಾರಿಯಲ್ಲಿ ಓಡುವ ಹೊಸ ಎನ್‌ವಿಎಂಇ ಎಸ್‌ಎಸ್‌ಡಿಗಳ ಡಬ್ಬಿಯ ಮೇಲೆ 7000 ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಹನ್ನೆರಡು ಪಟ್ಟಿಗೂ ಜಾಸ್ತಿ! ಆಸೆ ಆಗದೇ ಇರುತ್ತದೆಯೇ?

ಒಂದು ದೊಡ್ಡ ಫೈಲನ್ನು ಒಂದೇ ಉಸಿರಿಗೆ ಓದಿದರೆ ಆ 7000 ನಿಜ. ವಿಂಡೋಸ್ ಶುರುವಾಗುವಾಗ, ಬ್ರೌಸರ್ ತೆರೆಯುವಾಗ ಆಗುವ ಓದೇ ಬೇರೆ. ಅಲ್ಲೊಂದು ಇಲ್ಲೊಂದು 4 ಕೆಬಿಯ ಚೂರು, ಒಂದು ಕೈಗೆ ಬಂದ ಮೇಲೆ ಇನ್ನೊಂದು. ಇಂಥ ಕೆಲಸದಲ್ಲಿ ಸಾಟಾ ಡ್ರೈವ್ ಸೆಕೆಂಡಿಗೆ 30-40 ಎಂಬಿ ಕೊಟ್ಟರೆ, ಒಳ್ಳೆಯ ಎನ್‌ವಿಎಂಇ ಅದರ ಎರಡರಷ್ಟು ಕೊಡಬಹುದು, ಅಷ್ಟೇ. ಹೊಸ ಡ್ರೈವ್‌ನಲ್ಲಿ ಅಗಲವಾಗಿರುವುದು ರಸ್ತೆ. ಉಗ್ರಾಣದೊಳಗೆ ಸಾಮಾನು ಹುಡುಕಲು ಹಿಡಿಯುವ ಹೊತ್ತು ಅಷ್ಟೇನೂ ಇಳಿದಿಲ್ಲ.

ಹಾರ್ಡ್ ಡಿಸ್ಕ್ ಬಿಟ್ಟು ಎಸ್‌ಎಸ್‌ಡಿಗೆ ಬಂದ ದಿನ ನೆನಪಿದೆಯಾ? ತಿರುಗುವ ತಟ್ಟೆಯ ಮೇಲೆ ಸರಿಯಾದ ಜಾಗ ಸಿಗಲು ಸುಮಾರು 10 ಮಿಲಿಸೆಕೆಂಡು ಬೇಕಿತ್ತು, ಎಸ್‌ಎಸ್‌ಡಿಗೆ ಅದರ ನೂರರಲ್ಲೊಂದು ಪಾಲು ಸಾಕಾಯಿತು. ಅಂಥ ಜಿಗಿತ ಈಗ ಮತ್ತೆ ಸಿಗಲ್ಲ.

ಹಾಗಾದರೆ ಕಂಪ್ಯೂಟರ್ ನಿಧಾನ ಆಗುವುದೇಕೆ? ನನ್ನದರಲ್ಲಿ 14 ಜಿಬಿ ಮಾತ್ರ ಖಾಲಿ ಇತ್ತು. 10 ಜಿಬಿ ವಿಡಿಯೊ ಕಾಪಿಗೆ ಹಾಕಿದೆ. ಗ್ರಾಫ್ ಮೊದಲು ಜೋರಾಗಿ ಏರಿ, ಸ್ವಲ್ಪ ಹೊತ್ತಿಗೆಲ್ಲ ದೊಪ್ಪನೆ ನೆಲಕ್ಕೆ ಬಿತ್ತು. ಡ್ರೈವ್ ಕಥೆ ಮುಗಿಯಿತು ಅಂದುಕೊಂಡೆ. ಸುಮ್ನೆ ಹಳೇ ಡೌನ್‌ಲೋಡ್‌ಗಳನ್ನು ಅಳಿಸಿ ನೋಡಿದರೆ ಮತ್ತೆ ಸರಿಹೋಯಿತು! ಎಸ್‌ಎಸ್‌ಡಿಯೊಳಗಿನ ಫ್ಲ್ಯಾಶ್ ಚಿಪ್‌ನಲ್ಲಿ ಬರೆದದ್ದರ ಮೇಲೆಯೇ ಬರೆಯಲು ಆಗುವುದಿಲ್ಲ. ಬರೆಯುವುದು ಪುಟ ಪುಟವಾಗಿ, ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಬ್ಲಾಕನ್ನೇ. ಜಾಗ ಕಡಿಮೆ ಆದಾಗ ಉಪಯೋಗದಲ್ಲಿರುವ ಪುಟಗಳನ್ನು ಬೇರೆಡೆ ಎತ್ತಿಟ್ಟು, ಬ್ಲಾಕ್ ಅಳಿಸಿ, ಆಮೇಲೆ ಬರೆಯಬೇಕು. ಜೊತೆಗೆ ಎಷ್ಟೋ ಡ್ರೈವ್‌ಗಳು ಖಾಲಿ ಜಾಗದಲ್ಲೇ ಚಿಪ್‌ನ ಒಂದೊಂದು ಕೋಶಕ್ಕೆ ಒಂದೇ ಬಿಟ್‌ನಂತೆ ಬೇಗ ಬರೆದುಕೊಂಡು, ಪುರುಸೊತ್ತಾದಾಗ ಒತ್ತಿ ಜೋಡಿಸುತ್ತವೆ. ಖಾಲಿ ಜಾಗವೇ ಇಲ್ಲದಿದ್ದರೆ ಆ ಉಪಾಯವೂ ನಡೆಯಲ್ಲ.

ಸವೆದುಹೋಗುವ ಭಯ ಸುಮಾರು ಜನಕ್ಕಿದೆ. 1 ಟಿಬಿ ಡ್ರೈವ್‌ಗೆ 600 ಟಿಬಿ ಬರೆಯುವಷ್ಟು ಗ್ಯಾರಂಟಿ ಕೊಡುವುದು ಸಾಮಾನ್ಯ. ದಿನಕ್ಕೆ 30 ಜಿಬಿ ಬರೆದರೂ ಅದು ಮುಗಿಯಲು 54 ವರ್ಷ ಬೇಕು. ಆದರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ (S.M.A.R.T.) ವರದಿಯಲ್ಲಿ ದೋಷಗಳ ಎಣಿಕೆ ಏರುತ್ತಿದ್ದರೆ ಲೆಕ್ಕ ಹಾಕುತ್ತಾ ಕೂರಬೇಡಿ. ಮೊದಲು ಬ್ಯಾಕಪ್, ಆಮೇಲೆ ಹೊಸ ಡ್ರೈವ್.

ನನ್ನ ಮದರ್‌ಬೋರ್ಡ್‌ನಲ್ಲಿ ಇಂಥ ಡ್ರೈವ್ ಸಿಕ್ಕಿಸುವ ಎಂ.2 ಸ್ಲಾಟ್ ಪಿಸಿಐಇ 3.0, ಅಂದರೆ ಹಿಂದಿನ ತಲೆಮಾರಿನ ರಸ್ತೆ. 7000ದ ಡ್ರೈವ್ ಹಾಕಿದರೂ ಓಡುವುದು 3500ರ ಆಸುಪಾಸಿನಲ್ಲೇ. (ಕೆಲವು ಎಂ.2 ಸ್ಲಾಟ್‌ಗಳು ಸಾಟಾ ಡ್ರೈವನ್ನು ಮಾತ್ರ ಗುರುತಿಸುತ್ತವೆ, ಕೊಳ್ಳುವ ಮುಂಚೆ ನೋಡಿಕೊಳ್ಳಿ.) ಅಳಿಸಿ ಅಳಿಸಿ ಸಾಕಾಗಿ, ಕೊನೆಗೆ 1 ಟಿಬಿಯ ಸಾಧಾರಣ ಎನ್‌ವಿಎಂಇ ತಂದೆ, ಬರೀ ಜಾಗಕ್ಕೋಸ್ಕರ. ವಿಂಡೋಸ್ ಮುಂಚಿಗಿಂತ ಬೇಗ ಶುರುವಾಗುತ್ತದಾ ಅಂತ ಕೇಳಿದರೆ, ನನಗಂತೂ ಗೊತ್ತಾಗಲಿಲ್ಲ.