ಮಾಹಿತಿ ವಾಸ್ತು: ಹಾಸನ ಯಾಕೆ ಗದಗದ ಕೆಳಗಿತ್ತು?

ಮೊನ್ನೆ ಆನ್‌ಲೈನಲ್ಲಿ ಒಂದು ಅರ್ಜಿ ತುಂಬುತ್ತಿದ್ದೆ. ಜಿಲ್ಲೆಗಳ ಪಟ್ಟಿ ಕನ್ನಡದಲ್ಲೇ ಇತ್ತು. ನಮ್ಮದು ಹಾಸನ. ಅಕಾರಾದಿ ಹಿಡಿದರೆ ಹಾವೇರಿಯ ಕೆಳಗೆ, ಎಲ್ಲಕ್ಕಿಂತ ಕೊನೆಗೆ ಬರಬೇಕು. ಸೀದಾ ತಳಕ್ಕೆ ಹೋದೆ. ಅಲ್ಲಿ ಯಾದಗಿರಿ ಕೂತಿತ್ತು! ಮತ್ತೆ ಮೇಲಿಂದ ಹುಡುಕಿದರೆ ಗದಗದ ಕೆಳಗೆ ಹಾಸನ. ಅಕ್ಷರ ಕನ್ನಡದ್ದು, ಕ್ರಮ ಮಾತ್ರ ಎಬಿಸಿಡಿಯದ್ದು.

ಪಟ್ಟಿಯಲ್ಲಿ ಯಾವ ಜಿಲ್ಲೆಯೂ ಬಿಟ್ಟುಹೋಗಿರಲಿಲ್ಲ. 31 ಜಿಲ್ಲೆಗಳೂ ಇದ್ದವು. ಆದರೆ ಜೋಡಿಸಿದವರ ತಲೆಯಲ್ಲಿದ್ದ ಕ್ರಮವೇ ಬೇರೆ, ಹುಡುಕುವವರ ತಲೆಯಲ್ಲಿರುವುದೇ ಬೇರೆ. ಇವೆರಡನ್ನೂ ಹೊಂದಿಸುವ ಕೆಲಸಕ್ಕೆ ಇನ್ಫರ್ಮೇಶನ್ ಆರ್ಕಿಟೆಕ್ಚರ್ ಅನ್ನುತ್ತಾರೆ. ಯಾವುದನ್ನು ಯಾವುದರ ಜೊತೆ ಇಡಬೇಕು, ಅದಕ್ಕೆ ಏನು ಹೆಸರು ಕೊಡಬೇಕು, ಅಲ್ಲಿಗೆ ಹೋಗಲು ದಾರಿ ಯಾವುದು, ಎಲ್ಲವೂ ಇದರಲ್ಲಿ ಬರುತ್ತದೆ. ಕನ್ನಡದಲ್ಲಿ 'ಮಾಹಿತಿ ವಾಸ್ತು' ಅಂದರೆ ಸಾಕು ಅನಿಸುತ್ತದೆ ನನಗೆ. ಈಶಾನ್ಯ ಮೂಲೆಯ ಚಿಂತೆ ಇಲ್ಲಿ ಬೇಡ.

ಹೆಸರಿನಲ್ಲಿ ವಾಸ್ತು ಬಂದದ್ದು ಸುಮ್ನೆ ಅಲ್ಲ. 1976ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಮ್ಮೇಳನಕ್ಕೆ 'ಮಾಹಿತಿಯ ವಾಸ್ತುಶಿಲ್ಪ' ಎಂಬ ವಿಷಯ ಇಟ್ಟವರು ರಿಚರ್ಡ್ ಸಾಲ್ ವರ್ಮನ್. ಅವರೂ ವಾಸ್ತುಶಿಲ್ಪಿಯೇ. ಮಾಹಿತಿ ಎಷ್ಟೇ ಇರಲಿ, ಜೋಡಿಸುವ ದಾರಿ ಐದೇ ಅನ್ನುವುದು ಅವರ ಲೆಕ್ಕ: ಜಾಗ, ಅಕ್ಷರ, ಕಾಲ, ಬಗೆ, ಮತ್ತು ಹೆಚ್ಚಿನಿಂದ ಕಡಿಮೆಗೆ ಹೋಗುವ ಕ್ರಮ. ಮೊಬೈಲಿನಲ್ಲಿ ನಂಬರುಗಳು ಅಕ್ಷರದ ಪ್ರಕಾರ, ಫೋಟೋಗಳು ತಾರೀಖಿನ ಪ್ರಕಾರ ಇರುತ್ತವಲ್ವಾ, ಹಾಗೆ.

ಆದರೆ ಇದರ ಬೇರು ಇನ್ನೂ ಹಳೆಯದು, ನಮ್ಮ ಲೈಬ್ರರಿಗಳಲ್ಲೇ ಇದೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1933ರಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ವಿಂಗಡಿಸುವ ಕೋಲನ್ ವರ್ಗೀಕರಣ ಎಂಬ ಪದ್ಧತಿ ತಂದರು. ಕೊನೆಯ ವರ್ಷಗಳಲ್ಲಿ ಅವರು ಇದ್ದದ್ದು ಬೆಂಗಳೂರಿನಲ್ಲೇ. ಪುಸ್ತಕಕ್ಕೆ ಒಂದೇ ಗೂಡು ಯಾಕೆ, ಅದರ ಬೇರೆ ಬೇರೆ ಮುಖಗಳನ್ನು ಬಿಡಿಸಿ ನೋಡಿ ಅಂದವರು ಅವರು. ಆನ್‌ಲೈನಲ್ಲಿ ಸೀರೆ ಹುಡುಕುವಾಗ ಇದು ಕಣ್ಣಿಗೇ ಕಾಣುತ್ತದೆ. ಮೆರೂನ್ ಬಣ್ಣದ ಒಂದು ಮೈಸೂರು ಸಿಲ್ಕ್ ಅಂಗಡಿಯಲ್ಲಾದರೆ ಒಂದೇ ಕಪಾಟಿನಲ್ಲಿರಬೇಕು. ಮೊಬೈಲಿನಲ್ಲಿ ಬಣ್ಣ ಒತ್ತಿದರೂ ಅದೇ ಸೀರೆ, ರೇಷ್ಮೆ ಒತ್ತಿದರೂ ಅದೇ, ಬೆಲೆ ಒತ್ತಿದರೂ ಅದೇ. ಈ ಫಿಲ್ಟರುಗಳ ಹಿಂದಿರುವುದು ರಂಗನಾಥನ್ ಬಿಡಿಸಿಟ್ಟ ಅದೇ ಮುಖಗಳು.

ಇನ್ನು ಹೆಸರಿನ ವಿಚಾರ. ನನ್ನ ಪ್ರಕಾರ ಜಾಸ್ತಿ ಎಡವುವುದು ಇಲ್ಲೇ. ಇದಕ್ಕೆ ಕಾರ್ಡ್ ಸಾರ್ಟಿಂಗ್ ಎಂಬ ಸರಳ ಉಪಾಯ ಇದೆ. ಒಂದೊಂದು ವಿಷಯವನ್ನು ಒಂದೊಂದು ಚೀಟಿಯಲ್ಲಿ ಬರೆದು, ಬಳಸುವ ಜನರ ಮುಂದೆ ಹರಡುವುದು. "ನೀವೇ ಗುಂಪು ಮಾಡಿ, ಹೆಸರೂ ನೀವೇ ಇಡಿ" ಅನ್ನುವುದು. ಊರಿನ ರೈತರು ಚೀಟಿಯ ಮೇಲೆ 'ಪಹಣಿ' ಎಂದು ಬರೆದ ಮೇಲೆ, ಮೆನುವಿನಲ್ಲಿ 'ಹಕ್ಕು, ಗೇಣಿ ಮತ್ತು ಬೆಳೆ ದಾಖಲೆ' ಎಂದು ಹಾಕಲು ಯಾರಿಗಾದರೂ ಮನಸ್ಸು ಬರುತ್ತದೆಯೇ?