ಸಿಎಫ್‌ಎ ಫ್ರಾಂಕ್: ಸ್ವಾತಂತ್ರ್ಯದ ನಂತರವೂ ಉಳಿದ ವಸಾಹತು ಹಣ

1960ರಲ್ಲಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹತ್ತಕ್ಕೂ ಹೆಚ್ಚು ದೇಶಗಳು ಫ್ರಾನ್ಸಿನ ಆಡಳಿತದಿಂದ ಬಿಡುಗಡೆ ಪಡೆದವು. ಸೆನೆಗಲ್, ಐವರಿ ಕೋಸ್ಟ್, ಗಬಾನ್‌ಗಳಲ್ಲಿ ಹೊಸ ಸಂವಿಧಾನ, ಹೊಸ ಸಂಸತ್ತು ಬಂದರೂ ಅಲ್ಲಿನ ಸಂತೆಗಳಲ್ಲಿ ಚಲಾವಣೆಯಲ್ಲಿ ಉಳಿದದ್ದು, 1945ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ತನ್ನ ವಸಾಹತುಗಳಿಗಾಗಿ ಹುಟ್ಟುಹಾಕಿದ್ದ ಸಿಎಫ್‌ಎ ಫ್ರಾಂಕೇ.

ಈ ಹಣದ ವಿನಿಮಯ ದರ ಫ್ರೆಂಚ್ ಫ್ರಾಂಕ್‌ಗೆ ಗಂಟುಬಿದ್ದಿತ್ತು. ದರವನ್ನು ಕಾಯುವ ಹೊಣೆ ಫ್ರಾನ್ಸಿನದು. ಅದಕ್ಕೆ ಪ್ರತಿಯಾಗಿ ಸದಸ್ಯ ದೇಶಗಳು ತಮ್ಮ ವಿದೇಶಿ ವಿನಿಮಯ ಮೀಸಲಿನ ದೊಡ್ಡ ಪಾಲನ್ನು ಪ್ಯಾರಿಸ್ಸಿನ ಖಜಾನೆಯಲ್ಲಿ ಇಡಬೇಕಿತ್ತು. ಕೇಂದ್ರ ಬ್ಯಾಂಕ್‌ಗಳ ಆಡಳಿತ ಮಂಡಳಿಯಲ್ಲಿ ಫ್ರೆಂಚ್ ಪ್ರತಿನಿಧಿಗಳು ಕೂರುತ್ತಿದ್ದರು, ನೋಟುಗಳು ಫ್ರಾನ್ಸಿನಲ್ಲೇ ಅಚ್ಚಾಗುತ್ತಿದ್ದವು.

ಈ ವ್ಯವಸ್ಥೆಯಿಂದ ಹೊರಬಂದವರು ಏನನ್ನು ಎದುರಿಸಬೇಕಾಯಿತು ಎಂಬುದಕ್ಕೆ ಗಿನಿಯ ಉದಾಹರಣೆ ಎಲ್ಲರ ಕಣ್ಣಮುಂದಿತ್ತು. 1958ರ ಸೆಪ್ಟೆಂಬರ್ 28ರ ಜನಮತಗಣನೆಯಲ್ಲಿ ಸೆಕು ತೂರೆ ನಾಯಕತ್ವದ ಗಿನಿ ಮಾತ್ರ, ಫ್ರಾನ್ಸ್ ತನ್ನ ವಸಾಹತುಗಳನ್ನು ಸೇರಿಸಿ ಕಟ್ಟಹೊರಟಿದ್ದ ‘ಫ್ರೆಂಚ್ ಸಮುದಾಯ’ ಎಂಬ ಕೂಟದೊಳಗೆ ಉಳಿಯಲು ಒಪ್ಪದೆ ತಕ್ಷಣದ ಸ್ವಾತಂತ್ರ್ಯವನ್ನು ಆರಿಸಿಕೊಂಡಾಗ, ಫ್ರಾನ್ಸ್ ತನ್ನ ಅಧಿಕಾರಿಗಳನ್ನೂ ನೆರವನ್ನೂ ಅವಸರದಲ್ಲಿ ಹಿಂತೆಗೆದುಕೊಂಡಿತು. ಗಿನಿ 1960ರಲ್ಲಿ ಸ್ವಂತ ಹಣ ತಂದ ಮೇಲಂತೂ ಫ್ರೆಂಚ್ ಗುಪ್ತಚರರು ಖೋಟಾ ನೋಟುಗಳನ್ನು ಒಳಗೆ ಹರಿಯಬಿಟ್ಟರು. 1962ರಲ್ಲಿ ಹೊರಬಂದ ಮಾಲಿ, ಅಪಮೌಲ್ಯದ ಪೆಟ್ಟು ತಿಂದು 1984ರಲ್ಲಿ ಮತ್ತೆ ಸಿಎಫ್‌ಎ ಒಕ್ಕೂಟ ಸೇರಿತು.

ಆದರೆ ಎಲ್ಲವನ್ನೂ ಬೆದರಿಕೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಹಣದುಬ್ಬರ ಹಿಡಿತದಲ್ಲಿದ್ದದ್ದು ಸಂಬಳದಾರರಿಗೆ ಹಿತವಾಗಿತ್ತು. ಹಣದ ಬೆಲೆ ಎತ್ತರದಲ್ಲಿದ್ದುದರಿಂದ ಆಮದು ಸರಕು ಅಗ್ಗವಾಗಿ, ರಾಜಧಾನಿಗಳ ಅಧಿಕಾರಸ್ಥರು ಮತ್ತು ವರ್ತಕರು ಅದರ ಲಾಭ ಉಂಡರು. ಅದೇ ದರದಿಂದ ರಫ್ತು ಬೆಳೆಗಾರರಿಗೆ ಸಿಗುತ್ತಿದ್ದ ಬೆಲೆ ಕುಗ್ಗಿತು, ಸ್ಥಳೀಯ ಕಾರ್ಖಾನೆಗಳು ಆಮದಿನೊಡನೆ ಸೆಣಸಲಾರದೆ ಹೋದವು. ನನ್ನ ಎಣಿಕೆಯಲ್ಲಿ, ಈ ವ್ಯವಸ್ಥೆಯ ದೀರ್ಘಾಯುಷ್ಯಕ್ಕೆ ಪ್ಯಾರಿಸ್ಸಿನಷ್ಟೇ ಸೆನೆಗಲ್‌ನ ಡಕಾರ್, ಐವರಿ ಕೋಸ್ಟ್‌ನ ಅಬಿಜಾನ್‌ಗಳ ಆಳುವವರೂ ಕಾರಣ.

1994ರ ಜನವರಿಯಲ್ಲಿ ಒಂದು ಫ್ರೆಂಚ್ ಫ್ರಾಂಕ್‌ಗೆ 50 ಸಿಎಫ್‌ಎ ಫ್ರಾಂಕ್ ಇದ್ದ ದರವನ್ನು 100 ಮಾಡಿ ಹಣದ ಬೆಲೆಯನ್ನು ಅರ್ಧಕ್ಕೆ ಇಳಿಸಿದಾಗ ಆಮದು ಔಷಧಿ, ಅಕ್ಕಿಯ ಬೆಲೆ ಏರಿ ಬಡವರೂ ನಗರದ ಮಧ್ಯಮ ವರ್ಗದವರೂ ತತ್ತರಿಸಿದರು. 1999ರಲ್ಲಿ ಯೂರೋ ಬಂದಾಗ ಒಂದು ಯೂರೋಗೆ 655.957 ಎಂದು ದರ ನಿಗದಿಯಾಯಿತು.

2019ರ ಡಿಸೆಂಬರ್‌ನಲ್ಲಿ ಐವರಿ ಕೋಸ್ಟ್ ಅಧ್ಯಕ್ಷ ವಟಾರಾ ಮತ್ತು ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ಪಶ್ಚಿಮ ಆಫ್ರಿಕಾದ ಎಂಟು ದೇಶಗಳಿಗೆ ಸುಧಾರಣೆ ಪ್ರಕಟಿಸಿದರು. ಮೀಸಲನ್ನು ಪ್ಯಾರಿಸ್ಸಿನಲ್ಲಿಡುವ ಕಟ್ಟಳೆ ಕೊನೆಗೊಳ್ಳುವುದು, ಹಣಕ್ಕೆ ‘ಇಕೋ’ ಎಂಬ ಹೊಸ ಹೆಸರು ಬರುವುದು ಅದರಲ್ಲಿದ್ದವು. ಯೂರೋ ಜೊತೆಗಿನ ನಿಗದಿತ ದರ ಮಾತ್ರ ಹಾಗೆಯೇ ಉಳಿಯಿತು. 2022 ಮತ್ತು 2023ರಲ್ಲಿ ಫ್ರೆಂಚ್ ಪಡೆಗಳನ್ನು ಹೊರಗೆ ಕಳಿಸಿದ ಮಾಲಿ, ಬುರ್ಕಿನಾ ಫಾಸೊ, ನೈಜರ್‌ಗಳ ಸೇನಾ ಆಡಳಿತಗಳೂ ತಮ್ಮ ಸೈನಿಕರ ಸಂಬಳವನ್ನು ಸಿಎಫ್‌ಎ ಫ್ರಾಂಕ್‌ನಲ್ಲೇ ಕೊಡುತ್ತ ಬಂದಿವೆ.